ಸದಸ್ಯರ ಬ್ಯಾಂಕಿನ ಕ್ರೆಡಿಟ್ ಕಾರ್ಡ್: ಬಡ್ಡಿಯೇ ಅಳತೆಗೋಲಾಗಲಿ

ವ್ಯಾಪಾರಸ್ಥರು ಹಾಗೂ ಸಣ್ಣ ಉದ್ಯಮಿಗಳು ಕ್ರೆಡಿಟ್ ಕಾರ್ಡನ್ನು ಆರಿಸಿಕೊಳ್ಳುವಾಗ ವಾರ್ಷಿಕ ಶುಲ್ಕ, ರಿವಾರ್ಡ್ ಅಂಕಗಳು ಹಾಗೂ ಸಾಲದ ಮಿತಿಯನ್ನು ಹೋಲಿಸಿ ನೋಡುವುದು ವಾಡಿಕೆ. ಆದರೆ ಬಾಕಿ ಉಳಿಸಿಕೊಳ್ಳುವವರಿಗೆ ಕಾರ್ಡಿನ ನಿಜವಾದ ವೆಚ್ಚ ಅಡಗಿರುವುದು ಬಡ್ಡಿಯಲ್ಲಿ. ಸಹಕಾರಿ ಬ್ಯಾಂಕಿನ ಸದಸ್ಯರು ತಮ್ಮದೇ ಬ್ಯಾಂಕಿನ ಕಾರ್ಡನ್ನೂ ಇದೇ ಒರೆಗಲ್ಲಿಗೆ ಹಚ್ಚಬೇಕು.

ಉದಾಹರಣೆಗೆ, 1 ಲಕ್ಷ ರೂಪಾಯಿಗಳ ಖರೀದಿಗೆ ಶೇ. 1ರಂತೆ ರಿವಾರ್ಡ್ ದೊರೆತರೆ ಲಾಭ 1,000 ರೂಪಾಯಿ. ಆ ಮೊತ್ತ ಬಾಕಿ ಉಳಿದು ಮಾಸಿಕ ಶೇ. 3.5ರ ದರ ಅನ್ವಯಿಸಿದರೆ ಒಂದು ತಿಂಗಳ ಬಡ್ಡಿಯೇ 3,500 ರೂಪಾಯಿ, ಶೇ. 18ರ ಜಿಎಸ್‌ಟಿ ಸೇರಿದರೆ 4,130 ರೂಪಾಯಿ. ಸಾಮಾನ್ಯ ಸಾಲದ ಬಡ್ಡಿಗೆ ಜಿಎಸ್‌ಟಿ ವಿನಾಯಿತಿ ಇದೆ, ಕಾರ್ಡಿನ ಬಡ್ಡಿಗೆ ಇಲ್ಲ. ಬಾಕಿ ಉಳಿದಾಗ ಹೊಸ ಖರೀದಿಗಳಿಗೂ ಬಡ್ಡಿರಹಿತ ಅವಧಿ ತಪ್ಪುತ್ತದೆ. ಅಷ್ಟೇ ಮೊತ್ತವನ್ನು ವಾರ್ಷಿಕ ಶೇ. 12ರ ಕ್ಯಾಷ್ ಕ್ರೆಡಿಟ್ ಖಾತೆಯಿಂದ ಪಡೆದರೆ ತಿಂಗಳ ಬಡ್ಡಿ ಕೇವಲ 1,000 ರೂಪಾಯಿ.

ಕಾನೂನಿನ ಆಸರೆಯನ್ನು ನೆಚ್ಚುವಂತಿಲ್ಲ. ವಾರ್ಷಿಕ ಶೇ. 30ಕ್ಕೆ ಮೀರಿದ ಕಾರ್ಡ್ ಬಡ್ಡಿ ಅನುಚಿತವೆಂದು ರಾಷ್ಟ್ರೀಯ ಗ್ರಾಹಕ ಆಯೋಗವು 2008ರಲ್ಲಿ ನೀಡಿದ್ದ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದುಪಡಿಸಿತು. ಅಮೆರಿಕದ ಸ್ಥಿತಿ ಭಿನ್ನ. ಅಲ್ಲಿ ಸದಸ್ಯರೇ ಒಡೆಯರಾಗಿರುವ ಫೆಡರಲ್ ಕ್ರೆಡಿಟ್ ಯೂನಿಯನ್‌ಗಳ ಸಾಲಗಳಿಗೆ, ಕಾರ್ಡ್ ಬಾಕಿಯೂ ಸೇರಿದಂತೆ, 1987ರಿಂದ ಸಾಮಾನ್ಯವಾಗಿ ಶೇ. 18ರ ಮಿತಿಯನ್ನು ನಿಯಂತ್ರಣ ಮಂಡಳಿ ಮುಂದುವರಿಸಿಕೊಂಡು ಬಂದಿದೆ.

ಅಡಮಾನವಿಲ್ಲದ ಸಾಲದ ಅಪಾಯ, ತಂತ್ರಜ್ಞಾನದ ವೆಚ್ಚ, ಕಾರ್ಡ್ ಜಾಲಕ್ಕೆ ತೆರಬೇಕಾದ ಶುಲ್ಕ ಇವೆಲ್ಲವೂ ಸಣ್ಣ ಬ್ಯಾಂಕಿಗೆ ಭಾರವೆಂಬುದು ನಿಜ. ಆದ್ದರಿಂದ ಕ್ಯಾಷ್ ಕ್ರೆಡಿಟ್ ದರದಲ್ಲಿಯೇ ಕಾರ್ಡನ್ನೂ ನೀಡಬೇಕೆಂದು ಆಗ್ರಹಿಸುವುದು ನ್ಯಾಯವಲ್ಲ. ಆದರೆ ದೊಡ್ಡ ಬ್ಯಾಂಕುಗಳ ದರವನ್ನೇ ಅನುಕರಿಸುವುದಾದರೆ ಸದಸ್ಯತ್ವದ ಅರ್ಥವೇನು? 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿದ ಕಾಲದಲ್ಲಿ ಸಹಕಾರದ ಗುರಿ ರೈತನನ್ನು ದುಬಾರಿ ಬಡ್ಡಿಯಿಂದ ಪಾರುಮಾಡುವುದಾಗಿತ್ತು. ಅದೇ ಬಡ್ಡಿ ಪ್ಲಾಸ್ಟಿಕ್ ಕಾರ್ಡಿನ ರೂಪದಲ್ಲಿ ಹಿಂದಿರುಗುವುದು ಸಲ್ಲದು.

ಪ್ರತಿ ತಿಂಗಳೂ ಪೂರ್ಣ ಬಾಕಿ ತೀರಿಸುವ ವರ್ತಕನು ಶುಲ್ಕ ಮತ್ತು ಸೌಲಭ್ಯಗಳನ್ನು ನೋಡಿ ಕಾರ್ಡನ್ನು ಆರಿಸಿಕೊಳ್ಳಬಹುದು. ಬಾಕಿ ಉಳಿಸಿಕೊಳ್ಳುವ ಸಂಭವವಿದ್ದವನು ಬಡ್ಡಿ ದರವನ್ನೇ ನೋಡಬೇಕು. ದುಡಿಯುವ ಬಂಡವಾಳಕ್ಕಂತೂ ಕ್ಯಾಷ್ ಕ್ರೆಡಿಟ್ಟೇ ಸೂಕ್ತ. ಸದಸ್ಯನಿಗೆ ಇತರ ಗ್ರಾಹಕರಿಗಿಲ್ಲದ ಒಂದು ಅಧಿಕಾರವಿದೆ: ವಾರ್ಷಿಕ ಮಹಾಸಭೆಯಲ್ಲಿ ಎದ್ದು ನಿಂತು ದರದ ಬಗ್ಗೆ ಆಡಳಿತ ಮಂಡಳಿಯನ್ನು ಪ್ರಶ್ನಿಸುವುದು. ಡಿವಿಡೆಂಡ್ ಘೋಷಣೆಗೆ ಚಪ್ಪಾಳೆ ತಟ್ಟಿ ಹಿಂದಿರುಗುವ ಮುನ್ನ ಈ ಪ್ರಶ್ನೆಯನ್ನು ಕೇಳುವುದು ಪ್ರತಿಯೊಬ್ಬ ಸದಸ್ಯನ ಕರ್ತವ್ಯ.