ಸಿಲಿಂಡರಿನಲ್ಲಿ ಕೂಡಿಟ್ಟ ಗಾಳಿ

ಟಾಸ್ಮೇನಿಯಾದ ವಾಯವ್ಯ ತುದಿಯಲ್ಲಿ ಕೇಪ್ ಗ್ರಿಮ್ ಎಂಬ ಕಡಿದಾದ ಬಂಡೆಯಿದೆ. ಸಮುದ್ರದಿಂದ 94 ಮೀಟರ್ ಎತ್ತರದಲ್ಲಿ, ಬಂಡೆಯ ನೆತ್ತಿಯ ಮೇಲೆ, 1976ರಿಂದ ಗಾಳಿಯ ಲೆಕ್ಕ ಬರೆಯಲಾಗುತ್ತಿದೆ. ಆರಂಭದಲ್ಲಿ ಕಟ್ಟಡವೂ ಇರಲಿಲ್ಲ. ನಾಸಾ ಬಳಸಿ ಬಿಟ್ಟ ಕ್ಯಾರವಾನೊಂದರಲ್ಲಿ ಉಪಕರಣಗಳನ್ನು ಜೋಡಿಸಿಕೊಂಡಿದ್ದರು.

ಅಲ್ಲಿ ಎಲ್ಲ ಗಾಳಿಗೂ ಒಂದೇ ಮರ್ಯಾದೆಯಿಲ್ಲ. ಉತ್ತರದಿಂದ ಬೀಸಿದರೆ ಮೆಲ್ಬರ್ನ್ ನಗರದ ಹೊಗೆ ಜಲಸಂಧಿ ದಾಟಿ ಬರುತ್ತದೆ. ನೈಋತ್ಯದಿಂದ ಬಂದದ್ದು ದಕ್ಷಿಣ ಸಾಗರದ ಮೇಲೆ ಸಾವಿರಾರು ಕಿಲೋಮೀಟರ್ ನೆಲ ಕಾಣದೆ ಸಾಗಿದ ಗಾಳಿ. ಜಗತ್ತಿನ ಅತಿ ಶುದ್ಧ ಗಾಳಿಗಳಲ್ಲಿ ಒಂದು. ಮೂಲ ಮಟ್ಟ ಗೊತ್ತುಮಾಡಲು ಇದೇ ಆಧಾರ. ಇಂಥದರಲ್ಲೂ ಆರಂಭದಲ್ಲಿ ಹತ್ತು ಲಕ್ಷಕ್ಕೆ ಸುಮಾರು 330 ಭಾಗವಿದ್ದ ಇಂಗಾಲದ ಡೈಆಕ್ಸೈಡ್ 2016ರ ಮೇ ತಿಂಗಳಲ್ಲಿ 400 ಮುಟ್ಟಿತು. ಹೊಣೆ ಹೊರಿಸೋಣವೆಂದರೆ ಗಾಳಿ ಬಂದ ದಾರಿಯಲ್ಲಿ ಒಂದು ಚಿಮಣಿಯೂ ಇಲ್ಲ.

ಆದರೆ ಕೇಪ್ ಗ್ರಿಮ್‌ನ ದೊಡ್ಡ ಆಸ್ತಿ ಈ ಅಂಕಿಗಳಲ್ಲ, 1978ರಿಂದ ಸಿಲಿಂಡರುಗಳಲ್ಲಿ ತುಂಬಿಟ್ಟ ಗಾಳಿ. ದ್ರವ ನೈಟ್ರೋಜನ್ನಿನಿಂದ ತಣಿಸಿ ಉಕ್ಕಿನ ಪಾತ್ರೆಗೆ ಇಳಿಸುತ್ತಾರೆ. ಯಾವ ಪ್ರಶ್ನೆಗೆ ಉತ್ತರ ಬೇಕೆಂದು ತಿಳಿಯದೆಯೇ ಸಾಕ್ಷ್ಯ ಕಾಪಿಡುವ ಕೆಲಸವಿದು. ಲೆಕ್ಕಪತ್ರ ನೋಡುವವರಿಗೆ ಇದರ ಪ್ರಯೋಜನ ವಿವರಿಸುವುದು ಸುಲಭವಲ್ಲ. ಪ್ರಯೋಜನ ಕಂಡದ್ದು 2014ರಲ್ಲಿ. ಬ್ರಿಟನ್ನಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ತಂಡ ಈ ಹಳೆಯ ಗಾಳಿಯನ್ನೂ ಗ್ರೀನ್‌ಲ್ಯಾಂಡಿನ ಹಿಮದ ಪದರಗಳಲ್ಲಿ ಸಿಕ್ಕಿಬಿದ್ದ ಗಾಳಿಯನ್ನೂ ಹೊಸ ಉಪಕರಣಗಳಿಂದ ಜಾಲಾಡಿತು. ಓಝೋನ್ ಪದರವನ್ನು ಕೊರೆಯುವ, ಅದುವರೆಗೆ ಯಾರೂ ಗುರುತಿಸದ ನಾಲ್ಕು ಅನಿಲಗಳು ಸಿಕ್ಕವು. 2012ರ ಹೊತ್ತಿಗೆ ಅವು 74,000 ಟನ್ನಿಗೂ ಮಿಕ್ಕಿ ವಾತಾವರಣ ಸೇರಿದ್ದವು. ಇಂಥ ಅನಿಲಗಳಿಗೆ ಕಡಿವಾಣ ಹಾಕುವ 1987ರ ಮಾಂಟ್ರಿಯಲ್ ಒಪ್ಪಂದವಾಗಿ ಕಾಲು ಶತಮಾನ ಕಳೆದಿದ್ದರೂ ಎರಡು ಇನ್ನೂ ಏರುತ್ತಲೇ ಇದ್ದವು. ಗಾಳಿ ತುಂಬಿದವರಿಗೆ ಇವುಗಳ ಸುಳಿವೂ ಇರಲಿಲ್ಲ.

ಕಳೆದುಹೋದ ಗಾಳಿಯನ್ನು ಮತ್ತೆ ಅಳೆಯಲು ಬರುವುದಿಲ್ಲ. ಹವಾಯಿಯ ಮೌನಾ ಲೋವಾದಲ್ಲಿ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಆರಂಭಿಸಿದ ಇಂಗಾಲದ ಡೈಆಕ್ಸೈಡ್ ಮಾಪನ 1964ರಲ್ಲಿ ಹಣ ಕಡಿತವಾಗಿ ಕೆಲಕಾಲ ನಿಂತಿತು; ಅವರ ಹೆಸರಿನ ಪ್ರಸಿದ್ಧ ರೇಖೆ ಅಲ್ಲಿ ತುಂಡಾಗಿದೆ.

ನಮ್ಮ ಕಾರವಾರದಿಂದ ಉತ್ತರಕ್ಕೆ, ದಕ್ಷಿಣ ಗೋವಾದ ಕಾಬೊ ದ ರಾಮಾದಲ್ಲೂ ಹೀಗೇ ಆಯಿತು. ಮುಂಗಾರಿನಲ್ಲಿ ಭೂಮಧ್ಯರೇಖೆಯ ಆಚೆಯ ಕಡಲಗಾಳಿ, ಚಳಿಗಾಲದಲ್ಲಿ ಒಳನಾಡಿನ ಗಾಳಿ, ಎರಡೂ ಒಂದೇ ಕಡೆ ಸಿಗುವ ಅಪರೂಪದ ಜಾಗವದು. 1993ರಿಂದ ಅಲ್ಲಿನ ಗಾಳಿ ಬಾಟಲಿಗಳಲ್ಲಿ ಆಸ್ಟ್ರೇಲಿಯಾದ ಪ್ರಯೋಗಾಲಯಕ್ಕೆ ಹೋಗುತ್ತಿತ್ತು. 2002ರ ನಂತರ ವರ್ಷಗಟ್ಟಲೆ ಬಾಟಲಿ ಹೋಗಲಿಲ್ಲ.