ರೊಕ್ಕ ಒಗೆಯುವವರ ಮಡಿ

ಊರಿನ ಬಟ್ಟೆ ಒಗೆದವರನ್ನು ಈ ಸಮಾಜ ಕೆಳಗೆ ಕೂಡಿಸಿತು. ಸತ್ತ ದನ ಹೊತ್ತವರನ್ನು, ಚರ್ಮ ಹದ ಮಾಡಿದವರನ್ನು ಊರ ಹೊರಗೆ ಇಟ್ಟಿತು. ಕೊಳೆ ತೆಗೆದವರೇ ಮೈಲಿಗೆಯವರು! ರೊಕ್ಕ ಒಗೆಯುವವರು ಮಾತ್ರ ಮಡಿವಂತರು. ಅವರಿಗೆ ವೇದಿಕೆ ಮ್ಯಾಲೆ ಕುರ್ಚಿ ಐತಿ, ಜಾತ್ರಿ ಬ್ಯಾನರಿನಾಗ ಫೋಟೋ ಐತಿ.

ರಂಗಂಪೇಟೆಯ ಓಣಿಯಲ್ಲಿ ಗುಜರಿ ಆಯುವ ಹುಡುಗನ ಚೀಲದಲ್ಲಿ ಒಂದು ಕಬ್ಬಿಣದ ಸಲಾಕಿ ಸಿಕ್ಕರೆ ಸಾಕು, "ಎಲ್ಲಿಂದ ತಂದೀಲೇ?" ಎಂದು ಕೇಳುವವರು ಹತ್ತು ಮಂದಿ. ಅದೇ ಕಬ್ಬಿಣ ಕಂಟೇನರಿನಲ್ಲಿ ಕೂತು, "ಬಳಸಿದ ಕೈಗಾರಿಕಾ ಯಂತ್ರ" ಎಂದು ಹೆಸರಿಟ್ಟುಕೊಂಡು ಬಂದರೆ ಸಲಾಮು. ಯಾಕೆ?

ಗೆಳೆಯರೇ, ಈ ಆಟ ಗೊತ್ತಾಗಬೇಕಾದರೆ ದೊಡ್ಡ ಓದು ಬೇಕಿಲ್ಲ. ಹೊಸ ಯಂತ್ರಕ್ಕೆ ಕಂಪನಿಯ ದರಪಟ್ಟಿ ಇರುತ್ತದೆ. ಹಳೆಯದಕ್ಕೆ ಇಲ್ಲ. ಬಣ್ಣ ಬಳಿದರೆ ಒಂದು ರೇಟು, ತುಕ್ಕು ಬಿಟ್ಟರೆ ಒಂದು ರೇಟು. ಹೊರದೇಶದಲ್ಲಿ 10 ಲಕ್ಷಕ್ಕೆ ಸಿಗುವ ಯಂತ್ರಕ್ಕೆ ಒಬ್ಬ 60 ಲಕ್ಷದ ಬಿಲ್ಲು ಬರೆಸಿದ ಎನ್ನಿ. ಬ್ಯಾಂಕಿನ ಮೂಲಕವೇ, ರಾಜಮಾರ್ಗದಲ್ಲೇ 60 ಲಕ್ಷ ಹೊರಗೆ ಹೋಯಿತು. ಮಾರಿದವನಿಗೆ 10. ಉಳಿದ 50 ಇವನದೇ ಇನ್ನೊಂದು ಕಿಸೆಗೆ. ನಾಳೆ ಅದೇ ರೊಕ್ಕ "ವಿದೇಶಿ ಬಂಡವಾಳ" ಎಂಬ ಪೇಟ ಸುತ್ತಿಕೊಂಡು ತಿರುಗಿ ಬರುತ್ತದೆ. ಇದನ್ನೇ ತಲೆಕೆಳಗು ಮಾಡಿ, ಕಡಿಮೆ ಬೆಲೆ ಬರೆಸಿ, ಸುಂಕ ನುಂಗಿ, ಬಾಕಿಯನ್ನು ಹವಾಲಾದಲ್ಲಿ ಕಳಿಸುವುದೂ ಉಂಟು. ವ್ಯಾಪಾರದ ಹೆಸರಿನಲ್ಲಿ ನಡೆಯುವ ಈ ಒಗೆತದ ಬಗ್ಗೆ ಅಂತರರಾಷ್ಟ್ರೀಯ ಹಣಕಾಸು ಕ್ರಿಯಾ ಕಾರ್ಯಪಡೆ 2006ರಲ್ಲೇ ವರದಿ ಬರೆದು ಎಚ್ಚರಿಸಿತ್ತು.

ಹಾಗಾದರೆ ಹಳೇ ಯಂತ್ರದ ಬೆಲೆ ನೋಡುವವರು ಯಾರು? ಚಾರ್ಟರ್ಡ್ ಎಂಜಿನಿಯರ್ ಎಂಬುವವರು ನೋಡಿ ಒಂದು ಸರ್ಟಿಫಿಕೇಟು ಕೊಡುತ್ತಾರೆ. ಅದರ ಮೇಲೆ ಕಸ್ಟಮ್ಸಿನವರು ಲೆಕ್ಕ ಹಾಕುತ್ತಾರೆ. ಆ ಕಾಗದ ಜನರ ಕಣ್ಣಿಗೆ ಬೀಳುವುದಿಲ್ಲ.

ಈಗ ಇನ್ನೊಂದು ಅಳತೆ ನೋಡಿರಿ. ಉದ್ಯೋಗ ಖಾತ್ರಿಯಲ್ಲಿ ನಮ್ಮವ್ವಂದಿರು ತೋಡಿದ ಗುಂಡಿಯ ಉದ್ದ, ಅಗಲ, ಆಳ ಅಳೆದರು. 2023ರ ಜನವರಿ 1ರಿಂದ ದಿನಕ್ಕೆ ಎರಡು ಸಲ ಮೊಬೈಲಿನಲ್ಲಿ ಫೋಟೋ ತೆಗೆದು ಹಾಜರಿ ಹಾಕುವುದನ್ನು ಕಡ್ಡಾಯ ಮಾಡಿದರು. ನೆಟ್‌ವರ್ಕ್ ಸಿಗದಿದ್ದರೆ ಹಾಜರಿಗೆ ಕುತ್ತು. 2025-26ರಲ್ಲಿ ಕರ್ನಾಟಕದ ಆ ಕೂಲಿ ಎಷ್ಟು? ದಿನಕ್ಕೆ 370 ರೂಪಾಯಿ. 370 ರೂಪಾಯಿಗೆ ಎರಡು ಫೋಟೋ ಕೇಳಿದ ಸರಕಾರ, 60 ಲಕ್ಷದ ಯಂತ್ರಕ್ಕೆ ಊರ ಮುಂದೆ ಎಷ್ಟು ಫೋಟೋ ಇಟ್ಟಿದೆ?

ಬಿಲ್ಲಿನ ಮಹಿಮೆ ನಮ್ಮ ಸೀಮೆಗೆ ಹೊಸದಲ್ಲ. ಪಕ್ಕದ ಬಳ್ಳಾರಿಯ ಗಣಿ ಲೂಟಿಯ ಬಗ್ಗೆ 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆ ವರದಿ ಕೊಟ್ಟರು. ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟ ಎಂದಿತು ಆ ವರದಿ. ಅಲ್ಲಿ ಬೆಟ್ಟ ಅಗೆದದ್ದು ಯಂತ್ರ. ಬೆಟ್ಟ ಮುಚ್ಚಿಟ್ಟದ್ದು ಕಾಗದ.

ಯಂತ್ರದ ಬೆಲೆಯ ಜಗಳ ಎಷ್ಟು ಉದ್ದ ಎಂಬುದನ್ನೂ ನೋಡಿರಿ. 2014ರಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯ ಅದಾನಿ ಸಮೂಹದ ಕಂಪನಿಗಳಿಗೆ ನೋಟಿಸು ಕೊಟ್ಟು, ವಿದ್ಯುತ್ ಯಂತ್ರಗಳ ಬೆಲೆ ಏರಿಸಿ ತೋರಿಸಿದ್ದಾರೆ ಎಂದಿತು. ಕಂಪನಿ ಅಲ್ಲಗಳೆಯಿತು. 2017ರಲ್ಲಿ ವಿಚಾರಣಾಧಿಕಾರಿಯೇ ಆರೋಪ ಕೈಬಿಟ್ಟರು. 2023ರಲ್ಲಿ ಸುಪ್ರೀಂ ಕೋರ್ಟು ಇಲಾಖೆಯ ಮೇಲ್ಮನವಿ ತಳ್ಳಿತು. ತೀರ್ಪು ತೀರ್ಪೇ, ಒಪ್ಪಿದೆವು. ಆದರೆ ಹೊಸ ಯಂತ್ರದ ಬೆಲೆ ಸರಿ ಎನ್ನಲು 9 ವರ್ಷ ಬೇಕಾದರೆ, ದರಪಟ್ಟಿಯೇ ಇಲ್ಲದ ಹಳೆಯದಕ್ಕೆ ಎಷ್ಟು ವರ್ಷ?

"ಹಳೇ ಯಂತ್ರ ಇಲ್ಲದಿದ್ದರೆ ಸಣ್ಣವರು ಹೇಗೆ ಕಾರ್ಖಾನೆ ಹಾಕಬೇಕು?" ಎನ್ನುವವರಿದ್ದಾರೆ. ನಿಜ. ಹಳೇ ಮಗ್ಗ, ಹಳೇ ಲೇತು ತಂದು ಹೊಟ್ಟೆ ಹೊರೆಯುವವರು ನಮ್ಮ ಬಂಧುಗಳೇ. ಗುಜರಿ ಅಂಗಡಿಯಲ್ಲಿ ಕೈ ಕೊಯ್ದುಕೊಳ್ಳುವ ದಲಿತ, ಮುಸ್ಲಿಂ ಹುಡುಗರು ನಮ್ಮವರೇ. ನಮ್ಮ ಸಂಶಯ ಅವರ ಮೇಲಲ್ಲ. ಸಂಶಯವನ್ನು ಬಡವನ ಚೀಲದಿಂದ ತೆಗೆದು ಸಾವ್ಕಾರನ ಬಿಲ್ಲಿನ ಮೇಲೆ ಇಡಿರಿ ಎನ್ನುತ್ತಿದ್ದೇವೆ, ಅಷ್ಟೇ.

"ಕಾನೂನು ಅದೆಯಲ್ಲ?" ಅದೆ. 2002ರ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ 2005ರ ಜುಲೈ 1ರಿಂದ ಜಾರಿಗೆ ಬಂತು. 10 ವರ್ಷಗಳಲ್ಲಿ ಸಂಸದ, ಶಾಸಕ, ರಾಜಕಾರಣಿಗಳ ಮೇಲೆ ಇ.ಡಿ. ಹಾಕಿದ ಕೇಸು 193, ಶಿಕ್ಷೆ ಆದದ್ದು 2. ಇದು 2025ರ ಮಾರ್ಚಿನಲ್ಲಿ ರಾಜ್ಯಸಭೆಗೆ ಸರಕಾರವೇ ಕೊಟ್ಟ ಲೆಕ್ಕ. ಎದುರು ಪಕ್ಷದವನನ್ನು ಹೆದರಿಸುವ ಕೋಲು ನಮಗೆ ಬೇಡ. ಬೆಳಕು ಬೇಕು.

ನಾವು ಕೇಳುವುದು ಇಷ್ಟು. ಆಮದಾದ ಪ್ರತಿ ಹಳೇ ಯಂತ್ರದ ನಂಬರು, ತಯಾರಾದ ವರ್ಷ, ಫೋಟೋ, ಬೆಲೆ, ಸಹಿ ಹಾಕಿದ ಎಂಜಿನಿಯರನ ಹೆಸರು ಎಲ್ಲರಿಗೂ ಕಾಣುವಂತೆ ಇಡಲಿ. ಅದರ ಮೇಲೆ ಸರಕಾರಿ ಬ್ಯಾಂಕು ಸಾಲ ಕೊಟ್ಟಿದ್ದರೆ ಅದನ್ನೂ ಬರೆಯಲಿ. ಮುಚ್ಚಿದ ಕಾರ್ಖಾನೆಯ ಯಂತ್ರ ಮಾರುವಾಗ ಅದನ್ನು ನಡೆಸಿದ ಕಾರ್ಮಿಕರು ಬೆಲೆ ಕಟ್ಟುವಲ್ಲಿ ಕೂಡಲಿ. 2001ರ ಫೆಬ್ರುವರಿ 28ಕ್ಕೆ ಕೋಲಾರದ ಚಿನ್ನದ ಗಣಿ ಮುಚ್ಚಿದಾಗ ಆ ಯಂತ್ರಗಳ ನಾಡಿ ಬಲ್ಲವರು ಇದ್ದದ್ದು ಕಾರ್ಮಿಕರ ಲೈನುಗಳಲ್ಲಿ, ಕಚೇರಿಯಲ್ಲಲ್ಲ.

ಮಾಸ್ತರರೇ, ನಿಮ್ಮ ಶಾಲೆಯ ಹುಡುಗರಿಗೆ ಲಾಭ-ನಷ್ಟದ ಲೆಕ್ಕ ಕಲಿಸುವಾಗ ಈ 10 ಮತ್ತು 60ರ ಲೆಕ್ಕವನ್ನೂ ಹಲಗೆ ಮೇಲೆ ಬರೆಯಿರಿ. ಉಳಿದ 50 ಎಲ್ಲಿ ಹೋಯಿತು ಎಂದು ಅವರೇ ಕೇಳಲಿ. ಗುಳೆ ಹೋದ ಅಪ್ಪ-ಅವ್ವನ ಮಕ್ಕಳಿಗೆ ಆ ಉತ್ತರ ಬೇಗ ತಿಳಿಯುತ್ತದೆ.