ಮರಳುದಿಬ್ಬದ ಮೇಲೆ ಅನರ್ಥದಂಡ

ಅಮೆರಿಕದ ಆರೆಗನ್ ರಾಜ್ಯದಲ್ಲಿ ನೆಲಸಿರುವ ನನ್ನ ತಂಗಿಯ ಮಗ ಇತ್ತೀಚೆಗೆ ಒಂದು ಪತ್ರ ಬರೆದಿದ್ದಾನೆ. ಅವನು ಸದಸ್ಯನಾಗಿರುವ ಆಫ್‌ರೋಡ್ ಕ್ಲಬ್ಬು ಪ್ರತಿವರ್ಷದಂತೆ ಈ ಬೇಸಿಗೆಯಲ್ಲಿಯೂ, ಜುಲೈ ತಿಂಗಳಿನಲ್ಲಿ, ಪೆಸಿಫಿಕ್ ಕಡಲತೀರದ ಮರಳುದಿಬ್ಬಗಳಿಗೆ ಪ್ರವಾಸ ಹೊರಡಲಿದೆ. ಸಿದ್ಧತೆಗಳು ಭರದಿಂದ ಸಾಗಿವೆ. ಕ್ಲಬ್ಬಿನಲ್ಲಿ ಜೈನ ಮನೆತನಗಳ ಯುವಕರು ನಾಲ್ವರಿದ್ದಾರೆ. ನನ್ನ ಮನಸ್ಸಿಗೆ ಸಮಾಧಾನವಾಗಲೆಂದು ಅವನು ಹೀಗೆ ಸೇರಿಸಿದ್ದಾನೆ: 'ಮಾವ, ನೀವು ಚಿಂತಿಸಬೇಡಿ. ಶಿಬಿರದಲ್ಲಿ ನಮ್ಮ ನಾಲ್ವರ ಅಡಿಗೆ ಬೇರೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಯಾವುದೂ ಇಲ್ಲ. ನೀರನ್ನು ಸೋಸಿಯೇ ಕುಡಿಯುತ್ತೇವೆ. ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ, ಆಮೇಲೆ ದೀಪ ಹಾಕಿಕೊಂಡು ಕತ್ತಲೆಯ ಸವಾರಿಗೆ ಹೋಗುತ್ತೇವೆ.'

ಈ ಕೊನೆಯ ವಾಕ್ಯವನ್ನು ಓದಿ ನಾನು ಬಹಳ ಹೊತ್ತು ಸುಮ್ಮನೆ ಕುಳಿತೆ. ರಾತ್ರಿಭೋಜನವನ್ನು ನಮ್ಮ ಹಿರಿಯರು ಏಕೆ ವರ್ಜಿಸಿದರು? ಕತ್ತಲೆಯಲ್ಲಿ ಸೂಕ್ಷ್ಮಜೀವಿಗಳು ಕಣ್ಣಿಗೆ ಬೀಳುವುದಿಲ್ಲ, ಅವುಗಳ ಘಾತವಾಗುತ್ತದೆ ಎಂಬ ಕಾರಣಕ್ಕಾಗಿ. ಒಂದು ಇರುವೆ ಅನ್ನದಲ್ಲಿ ಬಿದ್ದೀತೆಂದು ಬೆಳಕಿರುವಾಗಲೇ ಉಣ್ಣುವವನು, ಅದೇ ಕತ್ತಲೆಯಲ್ಲಿ ನೂರಾರು ಕಿಲೋ ತೂಕದ ಯಂತ್ರವನ್ನು ಜೀವಿಗಳ ನೆಲೆಯ ಮೇಲೆ ಓಡಿಸಲು ಹೊರಟಿದ್ದಾನೆ. ಅವನಿಗೆ ಇದರಲ್ಲಿ ವಿರೋಧವೇ ಕಾಣುತ್ತಿಲ್ಲ!

ಒಬ್ಬ ಹುಡುಗನನ್ನು ಹೀಯಾಳಿಸುವುದು ಈ ಲೇಖನದ ಉದ್ದೇಶವಲ್ಲ. ತಪ್ಪು ಅವನೊಬ್ಬನದೂ ಅಲ್ಲ. ಅಹಿಂಸೆ ಎಂದರೆ ಅಡಿಗೆಮನೆಯ ಒಂದು ಪಟ್ಟಿ ಎಂದು ಅವನಿಗೆ ಕಲಿಸಿದವರು ನಾವು. ಶ್ರಾವಕನ ಹನ್ನೆರಡು ವ್ರತಗಳಲ್ಲಿ ಅನರ್ಥದಂಡವಿರತಿ ಎಂಬುದೊಂದಿದೆ ಎಂದು ಅವನಿಗೆ ಯಾರೂ ಮನಗಾಣಿಸಲಿಲ್ಲ. ನಮ್ಮಲ್ಲಿಯೂ ಎಷ್ಟು ಜನ ಅದನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದೇವೆ?

ಮೊದಲು ಆ ಸಿದ್ಧತೆಯ ಸ್ವರೂಪವನ್ನು ನೋಡೋಣ. ಮರಳಿನಲ್ಲಿ ಚಕ್ರ ಹೂತುಹೋಗಬಾರದೆಂದು ಗಾಳಿಯ ಒತ್ತಡವನ್ನು ಅರ್ಧದಷ್ಟು ಇಳಿಸಬೇಕು. ಮರಳಿ ತುಂಬಿಕೊಳ್ಳಲು ಪಂಪು ಬೇಕು. ದಿಬ್ಬದ ಆಚೆಯಿಂದ ಬರುವ ವಾಹನಕ್ಕೆ ಕಾಣುವಂತೆ ಎತ್ತರದ ಕೋಲಿಗೆ ಬಾವುಟ ಕಟ್ಟಬೇಕು. ಶಿರಸ್ತ್ರಾಣ, ಎಳೆಯುವ ಪಟ್ಟಿ, ಸಲಿಕೆ, ಹೆಚ್ಚಿನ ಪೆಟ್ರೋಲು, ರೇಡಿಯೋ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇವೆಲ್ಲ ಕಡ್ಡಾಯ. ಎಷ್ಟೊಂದು ಎಚ್ಚರಿಕೆ! ಆದರೆ ಈ ಎಚ್ಚರಿಕೆಯೆಲ್ಲವೂ ವಾಹನಕ್ಕಾಗಿ ಮತ್ತು ಅದರೊಳಗೆ ಕುಳಿತವನಿಗಾಗಿ. ಚಕ್ರದ ಕೆಳಗಿರುವವರ ಬಗ್ಗೆ ಪಟ್ಟಿಯಲ್ಲಿ ಒಂದು ಸಾಲೂ ಇಲ್ಲ.

ಚಕ್ರದ ಕೆಳಗೆ ಇರುವುದಾದರೂ ಏನು, ಬರಿಯ ಮರಳಲ್ಲವೇ ಎಂದು ಕೇಳುವವರಿದ್ದಾರೆ. ಮರಳೂ ಪೃಥ್ವೀಕಾಯದ ಒಂದು ಪ್ರಭೇದವೆಂದು ನಮ್ಮ ಆಗಮಗಳು ಹೇಳುತ್ತವೆ. ಆ ಮಾತು ಒತ್ತಟ್ಟಿಗಿರಲಿ. ಆರೆಗನ್ನಿನ ಮರಳುದಿಬ್ಬಗಳು ಫ್ಲಾರೆನ್ಸ್ ಪಟ್ಟಣದಿಂದ ಕೂಸ್ ಬೇವರೆಗೆ ಸುಮಾರು 65 ಕಿಲೋಮೀಟರು ಉದ್ದಕ್ಕೆ ಹಬ್ಬಿವೆ. 1972ರಲ್ಲಿ ಅಲ್ಲಿನ ಸಂಸತ್ತು ಅದನ್ನು ರಾಷ್ಟ್ರೀಯ ವಿಹಾರಪ್ರದೇಶವೆಂದು ಘೋಷಿಸಿತು. ಕೆಲವು ಭಾಗಗಳಲ್ಲಿ ವಾಹನಗಳಿಗೆ ಅನುಮತಿಯಿದೆ, ಕೆಲವು ಭಾಗಗಳಲ್ಲಿ ಇಲ್ಲ. ಅದೇ ಕಡಲತೀರದಲ್ಲಿ ಸ್ನೋಯಿ ಪ್ಲವರ್ ಎಂಬ, ನಮ್ಮ ಟಿಟ್ಟಿಭದ ಕುಲಕ್ಕೆ ಸೇರಿದ, ಗುಬ್ಬಚ್ಚಿಯ ಗಾತ್ರದ ಹಕ್ಕಿಯೊಂದು ವಾಸಿಸುತ್ತದೆ. ಅದು ಗೂಡು ಕಟ್ಟುವುದಿಲ್ಲ. ಬಯಲು ಮರಳಿನಲ್ಲಿ ಒಂದು ಸಣ್ಣ ಗುಳಿ ಮಾಡಿ ಸಾಮಾನ್ಯವಾಗಿ ಮೂರು ಮೊಟ್ಟೆಗಳನ್ನಿಡುತ್ತದೆ. ಮೊಟ್ಟೆಗೂ ಮರಳಿನದೇ ಬಣ್ಣ. ಮರಿ ಹೊರಬಂದ ಕೆಲವೇ ಗಂಟೆಗಳಲ್ಲಿ ಗುಳಿಯನ್ನು ಬಿಟ್ಟು ಓಡಾಡತೊಡಗುತ್ತದೆ. ಭಯವಾದಾಗ ಹಾರಲಾರದ ಆ ಮರಿ ಮರಳಿಗೆ ಅಂಟಿಕೊಂಡು ಅಲುಗಾಡದೆ ಕುಳಿತುಬಿಡುತ್ತದೆ. ಶತ್ರುವಿನ ಕಣ್ಣು ತಪ್ಪಿಸಲು ಪ್ರಕೃತಿ ಅದಕ್ಕೆ ಕಲಿಸಿದ ಉಪಾಯ ಅದು. ಚಕ್ರದ ಮುಂದೆ ಆ ಉಪಾಯವೇ ಮೃತ್ಯುವಾಗುತ್ತದೆ.

1993ರಲ್ಲಿ ಅಮೆರಿಕ ಸರಕಾರ ಈ ಕಡಲತೀರದ ಪ್ಲವರನ್ನು ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಗೆ ಸೇರಿಸಿತು. ಅದರ ಅವನತಿಗೆ ವಾಹನವೊಂದೇ ಕಾರಣವೆಂದರೆ ಸತ್ಯಾಣುವ್ರತಕ್ಕೆ ಭಂಗ ಬಂದೀತು. ಮರಳನ್ನು ತಡೆಯಲೆಂದು ಮನುಷ್ಯರೇ ತಂದು ನೆಟ್ಟ ಯುರೋಪಿನ ಹುಲ್ಲು ಬಯಲನ್ನು ಆಕ್ರಮಿಸಿತು. ಕಾಗೆಯ ಜಾತಿಯ ಪಕ್ಷಿಗಳೂ ನರಿಗಳೂ ಮೊಟ್ಟೆಗಳನ್ನು ಕಬಳಿಸಿದವು. ಆದರೆ ಮರಿ ಮಾಡುವ ಕಾಲದಲ್ಲಿ, ಅಂದರೆ ಮಾರ್ಚ್ 15ರಿಂದ ಸೆಪ್ಟೆಂಬರ್ 15ರವರೆಗೆ, ಅದರ ನೆಲೆಗಳಿರುವಲ್ಲಿ ಒಣಮರಳಿನ ಮೇಲೆ ವಾಹನ, ನಾಯಿ, ಗಾಳಿಪಟಗಳನ್ನು ನಿರ್ಬಂಧಿಸಿ ಹಗ್ಗ ಕಟ್ಟಿ ಕಾಪಾಡಿದ ಮೇಲೆ ಆರೆಗನ್ ತೀರದಲ್ಲಿ ಅದರ ಸಂಖ್ಯೆ ಏರಿದೆ. ಸಂಯಮವು ವ್ಯರ್ಥವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಇಲ್ಲಿ ಒಂದು ವಿಚಾರವನ್ನು ವಾಚಕರು ಮನನ ಮಾಡಬೇಕು. ಜುಲೈ ತಿಂಗಳಿನ ಸುಮಾರಿಗೆ ನಮ್ಮಲ್ಲಿ ಆಷಾಢ ಬರುತ್ತದೆ. ಪೂಜ್ಯ ಮುನಿಗಳೂ ಆರ್ಯಿಕೆಯರೂ ವಿಹಾರವನ್ನು ನಿಲ್ಲಿಸಿ ವರ್ಷಾಯೋಗವನ್ನು ಧಾರಣೆ ಮಾಡುತ್ತಾರೆ. ಮಳೆಗಾಲದಲ್ಲಿ ಜೀವೋತ್ಪತ್ತಿ ಹೆಚ್ಚು. ನಡೆದರೆ ಘಾತವಾಗುತ್ತದೆ ಎಂಬುದೇ ಕಾರಣ. ನಾಲ್ಕು ಮೊಳ ನೆಲವನ್ನು ನೋಡಿಕೊಂಡು, ಪಿಂಛಿಯನ್ನು ಹಿಡಿದು, ಬರಿಗಾಲಿನಲ್ಲಿ ಹೆಜ್ಜೆಯಿಡುವ ಮಹಾವ್ರತಿಗಳೇ ನಡಿಗೆಯನ್ನು ನಿಲ್ಲಿಸುವ ಆ ದಿನಗಳಲ್ಲಿ, ಅವರ ಪಾದಕ್ಕೆರಗುವ ಮನೆತನದ ಮಕ್ಕಳು ಮತ್ತೊಂದು ಖಂಡದಲ್ಲಿ ಹಕ್ಕಿಗಳು ಮರಿ ಮಾಡುವ ತೀರಕ್ಕೆ ವಾಹನಗಳನ್ನು ಹೊರಡಿಸುತ್ತಾರೆ! ಅಣುವ್ರತದ ಹೆಸರನ್ನೂ ಕೇಳದ ಒಂದು ಸರಕಾರ ಆ ಪುಟ್ಟ ಹಕ್ಕಿಗಾಗಿ ಆರು ತಿಂಗಳ ಚಾತುರ್ಮಾಸವನ್ನು ಕಾಯಿದೆಯಲ್ಲಿಯೇ ಬರೆದಿದೆ. ಶ್ರಾವಕನ ಮಗನಿಗೆ ಹಗ್ಗದ ಬೇಲಿ ಬೇಕಾಗಬಾರದಿತ್ತು.

ಕಾಯಿದೆಯ ಬೇಲಿ ಎಲ್ಲವನ್ನೂ ಕಾಯುವುದೂ ಇಲ್ಲ. ಕ್ಯಾಲಿಫೋರ್ನಿಯದ ಮರುಭೂಮಿಯ ಜೀವಿಗಳ ಮೇಲೆ ಇಂತಹ ವಾಹನಗಳ ಸದ್ದಿನಿಂದಾಗುವ ಪರಿಣಾಮವನ್ನು ಬ್ರಾಟ್‌ಸ್ಟ್ರಾಮ್ ಮತ್ತು ಬಾಂಡೆಲ್ಲೋ ಎಂಬ ವಿಜ್ಞಾನಿಗಳು ಪರೀಕ್ಷಿಸಿ 1983ರಲ್ಲಿ ಪ್ರಕಟಿಸಿದರು. ಮರಳಿನಲ್ಲಿ ವಾಸಿಸುವ ಒಂದು ಜಾತಿಯ ಹಲ್ಲಿಯ ಶ್ರವಣಶಕ್ತಿಗೆ ಆ ಸದ್ದಿನಿಂದ ಹಾನಿಯಾಯಿತು. ಹಾವಿನ ಸುಳಿವನ್ನು ಕಿವಿಯಿಂದಲೇ ಅರಿತು ಬದುಕುವ ಕಾಂಗರೂ ಇಲಿಯೂ ಕೇಳುವ ಶಕ್ತಿಯನ್ನು ಕಳೆದುಕೊಂಡಿತು. ಇನ್ನೊಂದು ಪ್ರಸಂಗವಂತೂ ಮನ ಕಲಕುವಂತಹದು. ಆ ಮರುಭೂಮಿಯಲ್ಲಿ ವರ್ಷದ ಬಹುಭಾಗ ನೆಲದೊಳಗೆ ಹುದುಗಿ ಗುಡುಗು ಮಳೆಗಾಗಿ ಕಾಯುವ ಒಂದು ಬಗೆಯ ಕಪ್ಪೆಯಿದೆ. ಮೋಟಾರುಬೈಕಿನ ಸದ್ದನ್ನು ಕೇಳಿಸಿದಾಗ ಅದು ಗುಡುಗೆಂದೇ ನಂಬಿ ಹೊರಬಂದಿತು. ಒಣಗಿದ ಮರಳಿನಲ್ಲಿ ಹೀಗೆ ಅಕಾಲದಲ್ಲಿ ಹೊರಬಂದ ಕಪ್ಪೆಯ ಗತಿಯೇನು? ಅದನ್ನು ಯಾವ ಚಕ್ರವೂ ತುಳಿಯಲಿಲ್ಲ. ಆದರೂ ಅದರ ಪ್ರಾಣಕ್ಕೆ ಸಂಚಕಾರ ಬಂದಿತು. 'ನಾವು ಯಾವ ಜೀವಿಯ ಮೇಲೂ ವಾಹನ ಹತ್ತಿಸುವುದಿಲ್ಲ' ಎನ್ನುವವರು ಈ ಕಪ್ಪೆಗೆ ಯಾವ ಉತ್ತರ ಕೊಡುತ್ತಾರೆ? ಶ್ರೋತ್ರೇಂದ್ರಿಯವೂ ಪ್ರಾಣವೆಂದೇ ನಮ್ಮ ಶಾಸ್ತ್ರದಲ್ಲಿ ಗಣನೆಯಾಗಿದೆ.

'ಕೊಲ್ಲುವ ಸಂಕಲ್ಪ ನಮಗಿಲ್ಲವಲ್ಲ' ಎಂಬುದು ಸಾಮಾನ್ಯವಾಗಿ ಕೇಳಿಬರುವ ಸಮರ್ಥನೆ. ನಿಜ, ಇದು ಸಂಕಲ್ಪೀ ಹಿಂಸೆಯಲ್ಲ. ಹಾಗಾದರೆ ಮತ್ತಾವುದು? ಅನ್ನ ಬೇಯಿಸುವಾಗ ಆಗುವುದು ಆರಂಭೀ, ಬೇಸಾಯ ವ್ಯಾಪಾರಗಳಲ್ಲಿ ಆಗುವುದು ಉದ್ಯೋಗೀ, ಆತ್ಮರಕ್ಷಣೆಯಲ್ಲಿ ಆಗುವುದು ವಿರೋಧೀ. ಗೃಹಸ್ಥನಿಗೆ ಇವು ಅನಿವಾರ್ಯವೆಂದು ಆಚಾರ್ಯರು ಕರುಣೆಯಿಂದ ವಿನಾಯಿತಿ ತೋರಿದ್ದಾರೆ. ಮರಳುದಿಬ್ಬವನ್ನು ಏರಿ ಇಳಿಯುವುದರಿಂದ ಹೊಟ್ಟೆ ತುಂಬುವುದಿಲ್ಲ, ಸಂಸಾರ ಸಾಗುವುದಿಲ್ಲ, ಯಾರ ರಕ್ಷಣೆಯೂ ಆಗುವುದಿಲ್ಲ. ಈ ವಿನಾಯಿತಿಯ ಯಾವ ಬಾಗಿಲೂ ಅದಕ್ಕೆ ತೆರೆದಿಲ್ಲ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿವರಿಸಿದ್ದಾರೆ. ಅವುಗಳಲ್ಲೊಂದು ಪ್ರಮಾದಚರ್ಯೆ. ಪ್ರಯೋಜನವಿಲ್ಲದೆ ನೆಲ, ನೀರು, ಬೆಂಕಿ, ಗಾಳಿಗಳಿಗೆ ಬಾಧೆ ಕೊಡುವುದು, ಗಿಡಗಳನ್ನು ಕಡಿಯುವುದು ಇದರಲ್ಲಿ ಸೇರಿವೆ. ಇಷ್ಟೇ ಅಲ್ಲ, ಗುರಿಯಿಲ್ಲದೆ ಅಲೆಯುವುದನ್ನೂ ಇತರರನ್ನು ಅಲೆಸುವುದನ್ನೂ ಆಚಾರ್ಯರು ಅಲ್ಲಿಯೇ ಹೆಸರಿಸಿದ್ದಾರೆ. ಹಿಂಸೆಯ ಉಪಕರಣವನ್ನು ಮತ್ತೊಬ್ಬರಿಗೆ ಕೊಡುವುದು ಹಿಂಸಾದಾನವೆಂಬ ಮತ್ತೊಂದು ಬಗೆ. ಸ್ವತಃ ಹೋಗದೆ ವಾಹನವನ್ನು ಮಾತ್ರ ಗೆಳೆಯನಿಗೆ ಕೊಟ್ಟೆನೆಂಬ ಸಮಾಧಾನಕ್ಕೂ ಇಲ್ಲಿ ಎಡೆಯಿಲ್ಲ. ಪೆಟ್ರೋಲು ಹುಟ್ಟುವುದಕ್ಕೆ ಎಷ್ಟೋ ಶತಮಾನಗಳ ಮೊದಲೇ ಆಚಾರ್ಯರು ಈ ಪ್ರವಾಸವನ್ನು ಕಂಡಿದ್ದರೇನೋ ಎನಿಸುತ್ತದೆ.

'ಬಸದಿಗೆ ಕಾರಿನಲ್ಲಿ ಹೋಗುವಾಗ ಜೀವಿಗಳು ಸಾಯುವುದಿಲ್ಲವೇ?' ಎಂದು ಯುವಕರು ಕೇಳಬಹುದು. ಕೇಳಲಿ, ಪ್ರಶ್ನೆ ನ್ಯಾಯವಾದುದೇ. ಸಾಯುತ್ತವೆ. ಆದ್ದರಿಂದಲೇ ಅಗತ್ಯವಿದ್ದಷ್ಟು, ಮಿತಿಯರಿತು, ಪಶ್ಚಾತ್ತಾಪವನ್ನಿಟ್ಟುಕೊಂಡು ಹೋಗಬೇಕು. ಪ್ರತಿಕ್ರಮಣವಿರುವುದೇ ಅದಕ್ಕಾಗಿ. ಅಗತ್ಯದ ಹಿಂಸೆ ಉಂಟೆಂಬುದು ಅನಗತ್ಯ ಹಿಂಸೆಗೆ ಪರವಾನಗಿಯಾಗಲಾರದು. ಸಾಲ ಮಾಡಿ ಮನೆ ಕಟ್ಟಿದವನು, ಹೇಗೂ ಸಾಲವಿದೆಯೆಂದು ಜೂಜಿಗೂ ಸಾಲ ಮಾಡಿದಂತಾದೀತು.

ಈ ಪ್ರಶ್ನೆ ನಮ್ಮನ್ನೂ ಬಿಡುವುದಿಲ್ಲ. ಪಂಚಕಲ್ಯಾಣದ ಮೆರವಣಿಗೆಯಲ್ಲಿ ಪಟಾಕಿ ಸುಡುವ, ರಾತ್ರಿಯಿಡೀ ಧ್ವನಿವರ್ಧಕ ಮೊಳಗಿಸುವ ನಮ್ಮ ಸಮಿತಿಗಳು ಯಾವ ಬಾಯಿಂದ ಮಕ್ಕಳಿಗೆ ಬುದ್ಧಿ ಹೇಳಬೇಕು? ಬಸದಿಯ ಶಿಖರದಲ್ಲಿ ಗೂಡು ಕಟ್ಟಿದ ಪಾರಿವಾಳಕ್ಕೂ ಕಿವಿಯಿದೆ. ಟ್ರಸ್ಟುಗಳು ಮೊದಲು ತಮ್ಮ ಅಂಗಳವನ್ನು ಗುಡಿಸಿಕೊಳ್ಳಲಿ.

ಆ ಬಳಿಕ ಎರಡು ಕೆಲಸಗಳಾಗಬೇಕು. ಪಾಠಶಾಲೆಗಳಲ್ಲಿಯೂ ಯುವಶಿಬಿರಗಳಲ್ಲಿಯೂ ಭಕ್ಷ್ಯಾಭಕ್ಷ್ಯಗಳಿಗೆ ಕೊಡುವಷ್ಟೇ ಸಮಯವನ್ನು ಗುಣವ್ರತಗಳಿಗೆ ಕೊಡಬೇಕು. ಪರದೇಶದಲ್ಲಿ ಮಕ್ಕಳಿರುವ ತಂದೆತಾಯಿಗಳು 'ಊಟ ಏನು ಮಾಡಿದೆ?' ಎಂದು ಕೇಳಿದ ಬಾಯಲ್ಲಿಯೇ 'ರಜೆಯನ್ನು ಹೇಗೆ ಕಳೆದೆ?' ಎಂದೂ ಕೇಳಬೇಕು. ಗದರಿಕೆಯಿಂದ ವ್ರತ ಹುಟ್ಟುವುದಿಲ್ಲ; ಕಾರಣವನ್ನು ತಿಳಿಸಿದರೆ ಹುಟ್ಟುತ್ತದೆ.

ನಾನು ಅಳಿಯನಿಗೆ ಉತ್ತರ ಬರೆದಿದ್ದೇನೆ. ಪ್ರವಾಸ ಬೇಡವೆಂದಿಲ್ಲ. ಗೆಳೆಯರೊಡನೆ ಅದೇ ತೀರಕ್ಕೆ ಹೋಗು, ಆದರೆ ವಾಹನವನ್ನು ರಸ್ತೆಯ ಬದಿಗೆ ನಿಲ್ಲಿಸು, ನಡೆಯಲು ಬಿಟ್ಟಿರುವ ದಾರಿಯಲ್ಲಿ ಹಗಲು ಬೆಳಕಿನಲ್ಲಿ ನೆಲವನ್ನು ನೋಡುತ್ತಾ ನಡೆ, ಹಗ್ಗದ ಈಚೆಗೆ ನಿಂತು ಆ ಹಕ್ಕಿಯನ್ನು ಒಮ್ಮೆ ಕಣ್ಣಾರೆ ನೋಡು ಎಂದಿದ್ದೇನೆ. ಅದನ್ನು ನೋಡಿದ ಮೇಲೆಯೂ ವಾಹನವನ್ನು ಮರಳಿಗಿಳಿಸುವ ಮನಸ್ಸು ಅವನಿಗೆ ಬಂದರೆ, ಅವನ ತಟ್ಟೆಯಲ್ಲಿ ಈರುಳ್ಳಿ ಇತ್ತೇ ಇಲ್ಲವೇ ಎಂದು ನಾವು ವಿಚಾರಿಸುವುದರಲ್ಲಿ ಅರ್ಥವಿಲ್ಲ.